ಸೈಕಲ್ ತಾನೇ, ಹೋಗಲಿ ಬಿಡಿ

ರಸ್ತೆಯಲ್ಲಿ ಅಪಘಾತವಾದಾಗ ನಮ್ಮ ಜನ ಕೇಳುವ ಮೊದಲ ಪ್ರಶ್ನೆ, "ಆಳಿಗೇನೂ ಆಗಲಿಲ್ಲವಷ್ಟೆ?" ಎಂಬುದು. ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ಬಿದ್ದವನು ಬೈಸಿಕಲ್ ಸವಾರನಾಗಿದ್ದು, ಮೈಕೈ ಕೊಡವಿಕೊಂಡು ಎದ್ದು ನಿಂತನೆಂದರೆ, ಆ ಪ್ರಶ್ನೆಯ ಬೆನ್ನಿಗೇ ಒಂದು ತೀರ್ಪೂ ಬಂದುಬಿಡುತ್ತದೆ: "ಸೈಕಲ್ ತಾನೇ, ಹೋಗಲಿ ಬಿಡಿ." ತೀರ್ಪು ಕೊಡುವವರು ದಾರಿಹೋಕರು, ನಷ್ಟ ಹೊರುವವನು ಮಾತ್ರ ಸೈಕಲ್ಲಿನವನು. ಈ ತೀರ್ಪಿಗೆ ನನ್ನ ತಕರಾರಿದೆ. ಅದನ್ನು ವಿವರಿಸುವುದಕ್ಕಾಗಿಯೇ ಈ ಬರಹ.

ಪರಿಹಾರ ಕೇಳುವುದೆಂದರೆ ನಮ್ಮಲ್ಲಿ ಅನೇಕರಿಗೆ ಸಂಕೋಚ. ಕೈಯೊಡ್ಡಿದಂತಾಗುತ್ತದೆಯೇನೋ, ಜನ ದುಡ್ಡಿನಾಸೆಯವನೆಂದು ತಿಳಿಯುತ್ತಾರೇನೋ ಎಂಬ ಅಳುಕು. ವಿಚಿತ್ರವೆಂದರೆ ಈ ಸಂಕೋಚ ವಾಹನದ ಬೆಲೆಗೆ ತಕ್ಕಂತೆ ಬದಲಾಗುತ್ತದೆ. ಕಾರಿನ ಬಾಗಿಲಿಗೆ ಒಂದು ಗೀರು ಬಿದ್ದರೆ ನಡುರಸ್ತೆಯಲ್ಲೇ ಇಳಿದು ನಿಂತು, ಹಿಂದಿನವರ ಹಾರನ್ನಿಗೂ ಕಿವಿಗೊಡದೆ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುವವರನ್ನು ನಾವೆಲ್ಲ ಕಂಡಿದ್ದೇವೆ. ಅವರನ್ನು ಯಾರೂ ಆಸೆಬುರುಕರೆನ್ನುವುದಿಲ್ಲ. ಅದೇ ಜಾಗದಲ್ಲಿ ಸೈಕಲ್ಲಿನವನು ನಿಂತು ತನ್ನ ಮುರಿದ ಚಕ್ರದ ಲೆಕ್ಕ ಕೇಳಿದರೆ, "ಏನಯ್ಯ, ಜೀವ ಉಳಿದದ್ದೇ ಪುಣ್ಯ, ನಡಿ ನಡಿ" ಎನ್ನುತ್ತಾರೆ.

ನನ್ನ ವಯಸ್ಸಿನವರಿಗೆ ಬೈಸಿಕಲ್ಲು ಆಟದ ಸಾಮಾನಾಗಿರಲಿಲ್ಲ. ಬಾಡಿಗೆ ಸೈಕಲ್ ಅಂಗಡಿಯಲ್ಲಿ ಗಂಟೆಗಿಷ್ಟು ಎಂದು ಕೊಟ್ಟು, ಒಳಪೆಡಲು ಹೊಡೆದು ಕಲಿತವರು ನಾವು. ಸ್ವಂತ ಸೈಕಲ್ ಕೊಂಡವರು ಪುರಸಭೆಗೆ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ತಂದು ಅದಕ್ಕೆ ಬಿಗಿಯಬೇಕಾಗಿತ್ತು. ರಾತ್ರಿ ದೀಪವಿಲ್ಲದೆ ಹೊರಟರೆ, ಡಬಲ್ಸ್ ಹೋದರೆ, ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು, ದಂಡವನ್ನೂ ಹಾಕುತ್ತಿದ್ದರು. ಅಂದರೆ ಸೈಕಲ್ಲಿನಿಂದ ಏನಾದರೂ ಪಡೆಯಬೇಕಾದಾಗ ಅದು ವಾಹನ. ಸೈಕಲ್ಲಿಗೆ ಏನಾದರೂ ಕೊಡಬೇಕಾದಾಗ ಅದು "ಸೈಕಲ್ ತಾನೇ" ಆಗಿಬಿಡುತ್ತದೆ. ನಾನು ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟವನು. ಒಂದೇ ಸಮೀಕರಣದ ಎಡಬದಿಗೆ ಒಂದು ನಿಯಮ, ಬಲಬದಿಗೆ ಇನ್ನೊಂದು ನಿಯಮ ಎಂಬುದನ್ನು ಒಪ್ಪಲಾರೆ.

ಇದು ಕಾಲ ಮುಗಿದ ವಾಹನದ ಮಾತು ಎಂದು ಯಾರೂ ತಿಳಿಯಬಾರದು. 2011ರ ಜನಗಣತಿಯ ಪ್ರಕಾರ ದೇಶದ ಕುಟುಂಬಗಳಲ್ಲಿ ಶೇಕಡ 45ರಷ್ಟರ ಮನೆಯಲ್ಲಿ ಬೈಸಿಕಲ್ ಇತ್ತು. ಕಾರು, ಜೀಪು ಇದ್ದದ್ದು ನೂರಕ್ಕೆ ಐದು ಮನೆಗಳಲ್ಲಿ ಮಾತ್ರ. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ, ಮೊದಲು ಹೆಣ್ಣುಮಕ್ಕಳಿಗೆ, ಮುಂದೆ ಗಂಡುಮಕ್ಕಳಿಗೂ, ಸರ್ಕಾರ ಉಚಿತವಾಗಿ ಬೈಸಿಕಲ್ ಕೊಟ್ಟಿತು. ಕೋವಿಡ್ ಬಂದ ಮೇಲೆ ಅದು ನಿಂತಿತು. ನಿಮ್ಮಲ್ಲಿ ಕೆಲವರು ಆ ಸೈಕಲ್ಲುಗಳಲ್ಲಿಯೇ ಶಾಲೆಗೆ ಬಂದವರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಸೈಕಲ್ಲಿನ ಮೇಲೆ ಟ್ರಾಕ್ಟರಿನ ಟ್ರೈಲರು ಹಾಯ್ದುಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಸೈಕಲ್ಲನ್ನು ಬೇಲಿಗೆ ಒರಗಿಸಿ ಅವಳು ದೂರ ನಿಂತಿದ್ದಳಾದ್ದರಿಂದ ಅವಳಿಗೇನೂ ಆಗಲಿಲ್ಲ. "ಸರ್ಕಾರ ಕೊಟ್ಟಿದ್ದು, ಹೋಯ್ತು" ಎಂದು ಅವಳ ತಂದೆ ಸುಮ್ಮನಾದರು. ಆ ವಾರ ಅವಳು ಶಾಲೆಗೆ ಬರಲಿಲ್ಲ. ಮುಂದಿನ ವಾರ ಎರಡು ದಿನ ಬಂದಳು. ಐದು ಕಿಲೋಮೀಟರು ನಡೆದು ಬರುವುದು, ಕತ್ತಲಾದ ಮೇಲೆ ನಡೆದು ಹೋಗುವುದು ಮನೆಯವರಿಗೆ ಒಪ್ಪಿಗೆಯಾಗಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಸಾಲಾಗಿ ಬಿದ್ದ ಗೈರುಹಾಜರಿಯ ಗುರುತುಗಳನ್ನು ನೋಡಿದಾಗ, ಹಾಳಾದದ್ದು ಬರಿಯ ಸೈಕಲ್ಲಲ್ಲ ಎಂಬುದು ನನಗೆ ಅರ್ಥವಾಯಿತು. ಮುಖ್ಯೋಪಾಧ್ಯಾಯರು ಟ್ರಾಕ್ಟರಿನ ಯಜಮಾನರನ್ನು ಶಾಲೆಗೇ ಕರೆಸಿ ಮಾತನಾಡಿದ ಮೇಲೆ ಅವರು ರಿಪೇರಿ ಮಾಡಿಸಿಕೊಟ್ಟರು. ಹುಡುಗಿ ಮತ್ತೆ ಬಂದಳು, ಎಸ್.ಎಸ್.ಎಲ್.ಸಿ. ಮುಗಿಸಿದಳು.

ನಷ್ಟದ ಲೆಕ್ಕವನ್ನು ಹೇಗೆ ಹಾಕಬೇಕೆಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಎರಡು ವರ್ಷಗಳ ಹಿಂದೆ ತಿಪಟೂರಿನಲ್ಲಿ ನಮ್ಮ ಮನೆಯ ಕಾಂಪೌಂಡು ಗೋಡೆಯ ಕೆಲಸಕ್ಕೆ ಎಂಟು ಕಿಲೋಮೀಟರು ದೂರದ ಹಳ್ಳಿಯಿಂದ ಒಬ್ಬ ಗಾರೆ ಕೆಲಸದಾತ ಸೈಕಲ್ಲಿನಲ್ಲಿ ಬರುತ್ತಿದ್ದ. ಒಂದು ಸಂಜೆ ಬಿ.ಎಚ್. ರಸ್ತೆಯಲ್ಲಿ ಅವನನ್ನು ಹಿಂದೆ ಹಾಕಿದ ಕಾರೊಂದು ಥಟ್ಟನೆ ಎಡಕ್ಕೆ ತಿರುಗಿ ಪೆಟ್ರೋಲ್ ಬಂಕಿನೊಳಕ್ಕೆ ನುಗ್ಗಿತು. ಅವನು ಬದಿಗೆ ಹಾರಿ ಬಿದ್ದ. ಮುಂದಿನ ಚಕ್ರ ಕಾರಿನಡಿಗೆ ಸಿಕ್ಕಿತು. ಸುತ್ತ ನೆರೆದವರು ಪಂಚಾಯಿತಿ ಮಾಡಿ ಐನೂರು ರೂಪಾಯಿ ಕೊಡಿಸಿ, ಇಬ್ಬರನ್ನೂ ಕಳುಹಿಸಿದರು.

ನಾಲ್ಕು ದಿನ ಅವನು ಕೆಲಸಕ್ಕೆ ಬರಲಿಲ್ಲ. ಐದನೆಯ ದಿನ ಯಾರದೋ ಬೈಕಿನ ಹಿಂದೆ ಕುಳಿತು ಬಂದ. ಅಂಗಡಿಯವನು ಕೊಟ್ಟ ಚೀಟಿ ಜೇಬಿನಲ್ಲಿತ್ತು. ಕಡ್ಡಿಗಳ ಸಮೇತ ಮುಂದಿನ ರಿಮ್ಮಿಗೆ 750, ಟೈರು ಟ್ಯೂಬಿಗೆ 550, ಫೋರ್ಕಿಗೆ 450, ಹ್ಯಾಂಡಲ್ಲಿಗೆ 350, ಮಡ್‌ಗಾರ್ಡಿಗೆ 150, ಕೂಲಿ 400. ಒಟ್ಟು 2,650 ರೂಪಾಯಿ. ಇದು ರಿಪೇರಿಯ ಲೆಕ್ಕ ಮಾತ್ರ. ಬೆಳಿಗ್ಗೆ ಏಳಕ್ಕೆ ಕೆಲಸ ಆರಂಭ. ಅವನ ಹಳ್ಳಿಗೆ ಮೊದಲ ಬಸ್ಸು ಬರುವುದು ಒಂಬತ್ತಕ್ಕೆ. ಹಾಗಾಗಿ ದಿನಕ್ಕೆ 700ರಂತೆ ನಾಲ್ಕು ದಿನದ ಕೂಲಿ 2,800 ಹೋಯಿತು. ಸೈಕಲ್ ಸಿದ್ಧವಾಗುವವರೆಗೆ ಆರು ದಿನ ಬೈಕಿನವನ ಪೆಟ್ರೋಲಿಗೆಂದು ದಿನಕ್ಕೆ 40ರಂತೆ 240. ಎಲ್ಲ ಕೂಡಿಸಿದರೆ 5,690. ಕೈಗೆ ಬಂದದ್ದು 500. ಉಳಿದ 5,190 ರೂಪಾಯಿಯನ್ನು ತಪ್ಪಿಲ್ಲದವನೇ ತುಂಬಬೇಕಾಯಿತು. "ಹೋಗಲಿ ಬಿಡಿ" ಎಂಬ ಮಾತಿನ ಬೆಲೆ ಅಷ್ಟು, ಅವನ ಒಂದು ವಾರದ ದುಡಿಮೆ.

ಬಂಕಿನ ಹುಡುಗನಿಗೆ ಕಾರಿನವರ ಪರಿಚಯವಿತ್ತು. ಗಾರೆಯವನ ಹೇಳಿಕೆಯಂತೆ ನಾನೇ ಒಂದು ಪುಟದ ಪತ್ರ ಬರೆದುಕೊಟ್ಟೆ. ದಿನಾಂಕ, ಸಮಯ, ಸ್ಥಳ, ಕಾರಿನ ಸಂಖ್ಯೆ, ನಡೆದ ಘಟನೆ, ಮೇಲಿನ ಲೆಕ್ಕ, ರಿಪೇರಿ ಚೀಟಿಯ ನಕಲು, ಮುರಿದ ಚಕ್ರದ ಒಂದು ಛಾಯಾಚಿತ್ರ, ಇಷ್ಟೇ. ಬೆದರಿಕೆಯ ಮಾತು ಒಂದೂ ಇರಲಿಲ್ಲ. ಮುಂದಿನ ಭಾನುವಾರ ಕಾರಿನ ಯಜಮಾನರು ತಾವಾಗಿಯೇ ನಮ್ಮ ಮನೆಗೆ ಬಂದರು. ರಿಪೇರಿಯ ಪೂರ್ತಿ ಹಣವನ್ನೂ ಕೂಲಿಯ ಅರ್ಧವನ್ನೂ ಕೊಟ್ಟರು. ಕೊಡುವಾಗ ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: "ಅವತ್ತು ಅವನು ಏನೂ ಕೇಳಲೇ ಇಲ್ಲವಲ್ಲ ಸಾರ್! ಐನೂರು ಸಾಕು ಅಂತ ಅಲ್ಲಿದ್ದವರೇ ಹೇಳಿದರು."

ಅವರು ಕೆಟ್ಟವರಲ್ಲ. ಕೇಳದಿದ್ದರೆ ನಷ್ಟವಾಗಿಲ್ಲ ಎಂದು ಅವರು ತಿಳಿದಿದ್ದರು. ಕೇಳುವ ಹಕ್ಕು ತನಗಿದೆ ಎಂಬುದು ಇವನಿಗೆ ತಿಳಿದಿರಲಿಲ್ಲ. ಈ ಎರಡು ತಿಳಿವಳಿಕೆಗಳ ನಡುವೆ ದಿನವೂ ಎಷ್ಟು ಸೈಕಲ್ಲುಗಳು ಗುಜರಿ ಸೇರುತ್ತಿವೆಯೋ!

ಕಾನೂನು ಈ ವಿಷಯದಲ್ಲಿ ಏನೆನ್ನುತ್ತದೆ? ನಮ್ಮ ದಾರಿಹೋಕ ನ್ಯಾಯಾಧೀಶರಿಗಿಂತ ಅದು ಹೆಚ್ಚು ಉದಾರವಾಗಿದೆ. 1988ರ ಮೋಟಾರು ವಾಹನಗಳ ಕಾಯ್ದೆಯ 165ನೆಯ ಕಲಮಿನಂತೆ ರಚಿತವಾಗುವ ಅಪಘಾತ ಪರಿಹಾರ ನ್ಯಾಯಮಂಡಳಿಗಳು ಸಾವು, ಗಾಯಗಳ ಪ್ರಕರಣಗಳನ್ನಷ್ಟೇ ಅಲ್ಲ, ಮೋಟಾರು ವಾಹನದಿಂದ ಬೇರೆಯವರ ಸ್ವತ್ತಿಗೆ ಆದ ಹಾನಿಯನ್ನೂ ವಿಚಾರಿಸುತ್ತವೆ. 166ನೆಯ ಕಲಮಿನ ಪ್ರಕಾರ ಆ ಸ್ವತ್ತಿನ ಒಡೆಯನೇ ಅರ್ಜಿ ಹಾಕಬಹುದು. ಅಪಘಾತ ನಡೆದ ಊರಿನಲ್ಲಾಗಲಿ, ತಾನು ವಾಸವಾಗಿರುವ ಕಡೆಯಾಗಲಿ ಅರ್ಜಿ ಸಲ್ಲಿಸಬಹುದು. ಸ್ವತ್ತಿನ ಹಾನಿ ಎರಡು ಸಾವಿರ ರೂಪಾಯಿಗಿಂತ ಹೆಚ್ಚಾದರೆ, ಬೇಕೆಂದವರು ಸಿವಿಲ್ ನ್ಯಾಯಾಲಯಕ್ಕೂ ಹೋಗಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಆ ಮಿತಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದೆಯಾದರೂ, ನಾವು ಆರು ತಿಂಗಳನ್ನೇ ಗಡುವೆಂದು ತಿಳಿದು ನಡೆಯುವುದು ಕ್ಷೇಮ.

ಇನ್ನೊಂದು ಸ್ವಾರಸ್ಯವಿದೆ. ಕಾನೂನಿನ ದೃಷ್ಟಿಯಲ್ಲಿ ನಾವು ತುಳಿಯುವ ಬೈಸಿಕಲ್ಲು ಮೋಟಾರು ವಾಹನವಲ್ಲ. ಅದಕ್ಕೆ ನೋಂದಣಿಯಿಲ್ಲ, ಕಡ್ಡಾಯ ವಿಮೆಯಿಲ್ಲ. "ನಿನ್ನ ಸೈಕಲ್ಲಿಗೆ ಇನ್ಶೂರೆನ್ಸ್ ಇದೆಯೇನು?" ಎಂದು ಕೇಳಿ ಬಾಯಿ ಮುಚ್ಚಿಸುವವರಿದ್ದಾರೆ. ಅದು ಅರ್ಥವಿಲ್ಲದ ಪ್ರಶ್ನೆ. ವಿಮೆ ಇರಬೇಕಾದದ್ದು ಗುದ್ದಿದ ವಾಹನಕ್ಕೆ. ಕಾಯ್ದೆಯ 146ನೆಯ ಕಲಮು ಪ್ರತಿಯೊಂದು ಮೋಟಾರು ವಾಹನಕ್ಕೂ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯಗೊಳಿಸಿದೆ. ಆ "ಮೂರನೆಯ ವ್ಯಕ್ತಿ" ಯಾರೆಂದರೆ ರಸ್ತೆಯಲ್ಲಿ ನಡೆಯುವವನು, ಸೈಕಲ್ ತುಳಿಯುವವನು, ಗಾಡಿ ಎಳೆಯುವವನು. 1988ರ ಮೂಲ ಕಾಯ್ದೆಯಲ್ಲಿ ಸ್ವತ್ತಿನ ಹಾನಿಗೆ ಈ ಕಡ್ಡಾಯ ವಿಮೆಯ ಮಿತಿ ಆರು ಸಾವಿರ ರೂಪಾಯಿಯಷ್ಟೇ ಇತ್ತು. ಈಗಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕಾರಿಗೆ ಏಳೂವರೆ ಲಕ್ಷ, ದ್ವಿಚಕ್ರ ವಾಹನಕ್ಕೆ ಒಂದು ಲಕ್ಷದವರೆಗೆ ಇರುತ್ತದೆ. ಹಳೆಯ ಆರು ಸಾವಿರದಲ್ಲಿಯೇ ನಮ್ಮ ಗಾರೆಯವನ ಲೆಕ್ಕ ಪೂರ್ತಿ ಮುಗಿಯುತ್ತಿತ್ತೆಂಬುದನ್ನು ಗಮನಿಸಿ.

ಚಾಲಕನ ಕರ್ತವ್ಯವನ್ನೂ ಕಾಯ್ದೆ ಹೇಳಿದೆ. 134ನೆಯ ಕಲಮಿನ ಪ್ರಕಾರ, ಮನುಷ್ಯರಿಗೆ ಗಾಯವಾದಾಗ ಮಾತ್ರವಲ್ಲ, ಬೇರೆಯವರ ಸ್ವತ್ತಿಗೆ ಹಾನಿಯಾದಾಗಲೂ, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. ತನ್ನ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ಸೈಕಲ್ ಮುರಿದು ಐನೂರು ಕೊಟ್ಟು ಹೊರಟುಹೋದವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಹಾಗಾದರೆ ಸೈಕಲ್ಲಿನವನು ಏನು ಮಾಡಬೇಕು? ಮೊದಲು ತನ್ನ ಮೈ ನೋಡಿಕೊಳ್ಳಬೇಕು. ತಲೆಗೆ, ಸೊಂಟಕ್ಕೆ ಪೆಟ್ಟು ಬಿದ್ದಿದ್ದರೆ ವೈದ್ಯರಿಗೆ ತೋರಿಸುವ ಮೊದಲು ಯಾವ ರಾಜಿಗೂ ಒಪ್ಪಬಾರದು. ವಾಹನದ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಕಂಡವರಲ್ಲಿ ಇಬ್ಬರ ಹೆಸರು, ದೂರವಾಣಿ ಸಂಖ್ಯೆ ಕೇಳಿಡಬೇಕು. ಸೈಕಲ್ಲನ್ನು ಎತ್ತಿ ಬದಿಗಿಡುವ ಮೊದಲು, ಆದರೆ ರಸ್ತೆಗೆ ತೀರ ಅಡ್ಡಿಯಾಗದಂತೆ, ಯಾರ ಮೊಬೈಲಿನಲ್ಲಾದರೂ ಒಂದೆರಡು ಚಿತ್ರ ತೆಗೆಸಬೇಕು. ಠಾಣೆಯಲ್ಲಿ ದೂರು ಕೊಟ್ಟರೆ ಅದರ ಸ್ವೀಕೃತಿಯನ್ನು ಕೇಳಿ ಪಡೆಯಬೇಕು. ಅಂಗಡಿಯವನಿಂದ ಏನೇನು ಹಾಳಾಗಿದೆ, ಯಾವುದಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿ, ದಿನಾಂಕ ಸಹಿ ಹಾಕಿಸಬೇಕು. ಬಿಚ್ಚಿದ ಹಳೆಯ ರಿಮ್ಮು, ಫೋರ್ಕುಗಳನ್ನು ವ್ಯವಹಾರ ಮುಗಿಯುವವರೆಗೆ ಗುಜರಿಗೆ ಹಾಕಬಾರದು. ಗುದ್ದಿದ ವಾಹನಕ್ಕೆ ವಿಮೆ ಇದೆಯೇ ಎಂಬುದನ್ನು ಅದರ ಸಂಖ್ಯೆ ಹಾಕಿ ಕೇಂದ್ರ ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನೋಡಬಹುದು. ಮನೆಯ ಮೊಮ್ಮಕ್ಕಳು ಒಂದು ನಿಮಿಷದಲ್ಲಿ ನೋಡಿಕೊಡುತ್ತಾರೆ. ರಸ್ತೆಯಲ್ಲಿಯೇ ಹಣ ಪಡೆಯುವುದಾದರೆ, "ಸದ್ಯಕ್ಕೆ ಇಷ್ಟು, ರಿಪೇರಿ ಚೀಟಿ ಬಂದ ಮೇಲೆ ಉಳಿದದ್ದು" ಎಂದು ಒಂದು ಸಾಲು ಬರೆಸಿಕೊಳ್ಳಬೇಕು. "ಇನ್ನು ನನ್ನ ತಕರಾರಿಲ್ಲ" ಎಂದು ಬರೆದ ಕಾಗದಕ್ಕೆ ಓದದೆ ಸಹಿ ಹಾಕಬಾರದು.

"ಎರಡು ಸಾವಿರದ ಸೈಕಲ್ಲಿಗೆ ಕೋರ್ಟು ಹತ್ತುವುದೇ ಮೇಷ್ಟ್ರೇ? ವಕೀಲರ ಫೀಸಿಗೇ ಸಾಲದು" ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಈ ಆಕ್ಷೇಪಣೆ ನ್ಯಾಯವಾದದ್ದೇ. ನ್ಯಾಯಮಂಡಳಿಯ ಬಾಗಿಲಿಗೆ ಅಲೆಯುವ ದಿನಗಳ ಕೂಲಿಯನ್ನು ಲೆಕ್ಕ ಹಾಕಿದರೆ ಇನ್ನೊಂದು ಸೈಕಲ್ಲೇ ಬರುತ್ತದೆ. ಆದರೆ ಮೊದಲ ಮೆಟ್ಟಿಲು ಕೋರ್ಟಲ್ಲ, ಪತ್ರ. ಲೆಕ್ಕವಿರುವ ಒಂದು ಪತ್ರ ಕೈಸೇರಿದರೆ ಮರ್ಯಾದಸ್ಥರಾದವರು ಬಹುಪಾಲು ಅಲ್ಲಿಯೇ ಒಪ್ಪುತ್ತಾರೆ. ಒಪ್ಪದಿದ್ದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಡಿಮೆ ಆದಾಯವಿರುವ ಇತರರಿಗೂ, ಉಚಿತವಾಗಿ ಕಾನೂನು ನೆರವು ಸಿಗುತ್ತದೆ. ಕೋರ್ಟಿಗೆ ಹೋಗುವ ಮೊದಲೇ ವ್ಯಾಜ್ಯವನ್ನು ಲೋಕ ಅದಾಲತ್ತಿನ ಮುಂದಿಟ್ಟು ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಕೋರ್ಟು ಶುಲ್ಕವಿಲ್ಲ, ಅಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿಯೂ ಇಲ್ಲ. ಸೈಕಲ್ಲಿನಂಥ ಸಣ್ಣ ವ್ಯಾಜ್ಯಕ್ಕೆ ಇದಕ್ಕಿಂತ ಸೂಕ್ತವಾದ ಜಾಗ ಬೇರೆ ನನಗೆ ಕಾಣದು.

ಎರಡನೆಯ ಆಕ್ಷೇಪಣೆ, ತಪ್ಪು ಸೈಕಲ್ಲಿನವನದೇ ಆಗಿದ್ದರೆ? ಆಗ ಆ ತಪ್ಪಿನ ಪಾಲನ್ನು ಅವನು ಹೊರಲೇಬೇಕು. ಎದುರು ದಿಕ್ಕಿನಲ್ಲಿ ನುಗ್ಗಿ, ಕತ್ತಲಲ್ಲಿ ದೀಪವಿಲ್ಲದೆ ಹೋಗಿ, ಎಲ್ಲ ನಷ್ಟವನ್ನೂ ಕಾರಿನವರೇ ಕೊಡಲಿ ಎನ್ನುವುದು ಅನ್ಯಾಯ. ನ್ಯಾಯಾಲಯವೂ ಅಂಥ ಕಡೆ ಪರಿಹಾರವನ್ನು ತಗ್ಗಿಸುತ್ತದೆ. ಹಾಗೆಯೇ ಚಕ್ರ ಮಾತ್ರ ಬಾಗಿದ್ದರೆ, ಮೊದಲೇ ಸವೆದಿದ್ದ ಚೈನನ್ನೂ ಹರಿದಿದ್ದ ಸೀಟನ್ನೂ ಆ ಚೀಟಿಗೆ ಸೇರಿಸಿ ಹೊಸ ಸೈಕಲ್ಲು ಮಾಡಿಕೊಳ್ಳಲು ಹೊರಡುವುದು ಕಳ್ಳಲೆಕ್ಕ. ಆದ ನಷ್ಟವನ್ನಷ್ಟೇ ಕೇಳಬೇಕು, ಆದ ನಷ್ಟವನ್ನೆಲ್ಲ ಕೇಳಬೇಕು.

ಆದರೆ "ಹತ್ತು ವರ್ಷದ ಹಳೇ ಸೈಕಲ್ಲು, ಮಾರಿದರೆ ಎಂಟುನೂರೂ ಬರದು, ರಿಪೇರಿಗೆ ಎರಡೂವರೆ ಸಾವಿರ ಯಾಕೆ ಕೊಡಬೇಕು?" ಎಂಬ ವಾದವೂ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಉಳ್ಳವರ ವಾದ. ಅವನು ಸೈಕಲ್ ಮಾರಲು ಹೊರಟಿರಲಿಲ್ಲ, ಕೆಲಸಕ್ಕೆ ಹೊರಟಿದ್ದ. ಎಂಟುನೂರು ರೂಪಾಯಿಗೆ ಅವನನ್ನು ದಿನವೂ ಎಂಟು ಕಿಲೋಮೀಟರು ಕರೆತಂದು ಮರಳಿ ಬಿಡುವ ಬೇರೊಂದು ಸೈಕಲ್ಲನ್ನು ತಂದುಕೊಡುವವರಿದ್ದರೆ ಆ ವಾದವನ್ನು ಒಪ್ಪೋಣ. ಇಲ್ಲವಾದರೆ ಮುರಿದದ್ದನ್ನು ಮೊದಲಿನಂತೆ ಓಡುವ ಹಾಗೆ ಮಾಡಿಕೊಡುವುದೇ ಪರಿಹಾರ.

ಕಾನೂನಿನಲ್ಲಿ ಒಂದು ದೊಡ್ಡ ಕೊರತೆಯೂ ಇದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ, 2022ರ ಯೋಜನೆಯಂತೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಪರಿಹಾರವುಂಟು. ಹಾಳಾದ ಸ್ವತ್ತಿಗೆ ಏನೂ ಇಲ್ಲ. ರಾತ್ರಿ ಹೆದ್ದಾರಿಯಲ್ಲಿ ಲಾರಿ ತಗುಲಿ ಸೈಕಲ್ ನುಚ್ಚಾದ ಹಾಲಿನವನು, ತಾನು ಬದುಕಿದ್ದಕ್ಕೆ ದೇವರಿಗೆ ಕೈಮುಗಿದು, ಹೊಸ ಸೈಕಲ್ಲಿಗೆ ಸಾಲ ಮಾಡಬೇಕು. ಹತ್ತು ಸಾವಿರ ರೂಪಾಯಿವರೆಗಿನ ಇಂಥ ಹಾನಿಗೆ ಠಾಣೆಯ ವರದಿ, ಅಂಗಡಿಯ ಚೀಟಿ, ಇವೆರಡನ್ನೇ ಆಧಾರವಾಗಿಟ್ಟುಕೊಂಡು ಒಂದು ತಿಂಗಳಲ್ಲಿ ಹಣ ಕೊಡುವ ಏರ್ಪಾಡು ಆಗಬೇಕು. ವಾಹನ ಗೊತ್ತಿದ್ದಾಗಲೂ ವಿಮಾ ಕಂಪನಿಗಳು ಇಷ್ಟು ಸಣ್ಣ ಮೊತ್ತಕ್ಕೆ ನ್ಯಾಯಮಂಡಳಿಯ ಆದೇಶ ತನ್ನಿ ಎನ್ನದೆ ಚೀಟಿ ನೋಡಿ ತೀರಿಸಬೇಕು. ಇದೇನೂ ಆಗದ ಮಾತಲ್ಲ.

ಅಲ್ಲಿಯವರೆಗೆ ಉಳಿದಿರುವುದು ನಮ್ಮ ನಿಮ್ಮ ನಡತೆ. ನನ್ನ ಪಾಠ ಕೇಳಿದವರಲ್ಲಿ ಅನೇಕರು ಈಗ ಕಾರಿನವರಾಗಿದ್ದೀರಿ. ಬೆಂಗಳೂರಿನಲ್ಲಿ, ಪುಣೆಯಲ್ಲಿ, ಕೆಲವರು ಸಮುದ್ರದಾಚೆಯೂ ಇದ್ದೀರಿ. ನಿಮ್ಮ ಏಳಿಗೆ ನನಗೆ ಹೆಮ್ಮೆಯ ವಿಷಯ. ದೇವರು ಹಾಗೆ ಮಾಡದಿರಲಿ, ಒಂದು ವೇಳೆ ನಿಮ್ಮ ಕಾರು ಯಾರ ಸೈಕಲ್ಲಿಗಾದರೂ ತಗುಲಿದರೆ, ಗಾಜು ಇಳಿಸಿ ನೋಟು ಚಾಚಬೇಡಿ. ಇಳಿಯಿರಿ. ಅವನನ್ನು ಎಬ್ಬಿಸಿ, ಆಸ್ಪತ್ರೆ ಬೇಕೇ ಎಂದು ಕೇಳಿ. ನಿಮ್ಮ ಹೆಸರು, ದೂರವಾಣಿ ಸಂಖ್ಯೆ ಕೊಡಿ. "ಸೈಕಲ್ ಅಂಗಡಿಗೆ ಹೋಗೋಣ ನಡೆಯಿರಿ" ಎನ್ನಿ. ಅಂಗಡಿಯವನು ಚಕ್ರ ಎತ್ತಿ ತಿರುಗಿಸಿ, ಔಟ್ ತೆಗೆದರೆ ಸಾಕೋ ರಿಮ್ಮೇ ಬದಲಾಗಬೇಕೋ ಎಂದು ಹೇಳುತ್ತಾನೆ. ಕೊಡಬೇಕಾದದ್ದನ್ನು ಕೊಟ್ಟು, ನಾಳೆ ಅವನು ಕೆಲಸಕ್ಕೆ ಹೇಗೆ ಹೋಗುತ್ತಾನೆ ಎಂಬುದನ್ನೂ ಕೇಳಿಕೊಂಡು ಬನ್ನಿ. ಮತ್ತೆ ನೀವು ಬರಿಯ ನೋಡುವವರ ಗುಂಪಿನಲ್ಲಿದ್ದರೆ, ಅವನ ಪರವಾಗಿ ಐನೂರಕ್ಕೆ ಒಪ್ಪಿಬಿಡಬೇಡಿ. "ಎಷ್ಟು ನಷ್ಟವಾಯಿತಪ್ಪ?" ಎಂದು ಮೊದಲು ಅವನನ್ನೇ ಕೇಳಿ.